ಹೃದ್ರೋಗ ಮತ್ತು ವಾಸಸ್ಥಳ

ಜನ ನೆಲೆಸಿರುವ ಪ್ರದೇಶಕ್ಕೂ ಅವರಲ್ಲಿ ಹೃದ್ರೋಗ ಕಾಣಿಸಿಕೊಳ್ಳುವ ಸಂಭವ ಹಾಗೂ ಚಿಕಿತ್ಸೆಯ ಲಭ್ಯತೆಗೂ ಇರುವ ಸಂಬಂಧ. ಇದು ಸಾರ್ವಜನಿಕ ಆರೋಗ್ಯ ವಿಜ್ಞಾನದ ಮುಖ್ಯ ಅಧ್ಯಯನ ವಿಷಯಗಳಲ್ಲೊಂದು.

ಅಪಾಯ: ವಾಯುಮಾಲಿನ್ಯ, ಆಹಾರಪದ್ಧತಿ, ತಂಬಾಕು ಸೇವನೆ, ನಡೆದಾಡಲು ಇರುವ ಅನುಕೂಲ, ಬಡತನ ಇವು ಊರಿಂದೂರಿಗೆ ಬೇರೆಯಾಗುತ್ತವೆ. ಜಪಾನ್, ಹವಾಯಿ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿದ್ದ ಜಪಾನೀ ಮೂಲದ ಪುರುಷರನ್ನು ಹೋಲಿಸಿದ ನಿ-ಹಾನ್-ಸ್ಯಾನ್ ಅಧ್ಯಯನದಲ್ಲಿ ಪರಿಧಮನಿ ಹೃದ್ರೋಗ ಜಪಾನಿನಲ್ಲಿ ಅತಿ ಕಡಿಮೆ, ಕ್ಯಾಲಿಫೋರ್ನಿಯಾದಲ್ಲಿ ಅತಿ ಹೆಚ್ಚು ಎಂದು ಕಂಡುಬಂತು. ವಂಶಮೂಲ ಒಂದೇ ಆಗಿದ್ದರಿಂದ, ಬದಲಾದ ಜೀವನಶೈಲಿಯತ್ತ ಸಂಶೋಧಕರ ಗಮನ ಹರಿಯಿತು.

ತಡೆ: ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತದಲ್ಲಿ ಹೃದ್ರೋಗದ ಸಾವು ವಿಪರೀತವಾಗಿದ್ದಾಗ, 1972ರಲ್ಲಿ ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಸಮುದಾಯ ಯೋಜನೆಯೊಂದು ಆರಂಭವಾಯಿತು. ಬೆಣ್ಣೆ, ಉಪ್ಪು, ಧೂಮಪಾನಗಳನ್ನು ತಗ್ಗಿಸಿ ರಕ್ತದೊತ್ತಡ ನಿಯಂತ್ರಿಸುವುದು ಅದರ ಗುರಿ. ಮುಂದಿನ ಮೂರುನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಪುರುಷರಲ್ಲಿ ಈ ರೋಗದ ಮರಣ ಪ್ರಮಾಣ ಶೇ. 80ಕ್ಕೂ ಹೆಚ್ಚು ಇಳಿಯಿತು. ಧೋರಣೆ, ಆಹಾರೋದ್ಯಮ, ಚಿಕಿತ್ಸೆಗಳಲ್ಲಾದ ಬದಲಾವಣೆಗಳೂ ಇದಕ್ಕೆ ನೆರವಾದವು.

ಚಿಕಿತ್ಸೆ: ರಕ್ತನಾಳ ಪೂರ್ತಿ ಮುಚ್ಚಿದ ಹೃದಯಾಘಾತದಲ್ಲಿ ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ರೋಗ ಪತ್ತೆಯಾದ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ, ಬೇರೆ ಅಡ್ಡಿಯಿಲ್ಲದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಆಂಜಿಯೋಪ್ಲಾಸ್ಟಿ ನಡೆಸುವ ಕ್ಯಾಥ್‌ಲ್ಯಾಬ್‌ಗಳು ನಗರಗಳಲ್ಲೇ ಹೆಚ್ಚಿರುವುದರಿಂದ ಹಳ್ಳಿಗರಿಗೆ ದೂರವೇ ತೊಡಕು. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರ ನೆರವಿನಿಂದ ಪರಿಶೀಲಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಸ್ಥಳದಲ್ಲೇ ಉಚಿತವಾಗಿ ನೀಡಲಾಗುತ್ತದೆ.