ಡಾಕ್ಟರು ‘ಪ್ಯಾಲಿಯೇಟಿವ್’ ಅಂದಾಗ

ಅಜ್ಜಿಗೆ ಕ್ಯಾನ್ಸರ್ ಬಂದಿದ್ದಾಗ ಡಾಕ್ಟರು ‘ಪ್ಯಾಲಿಯೇಟಿವ್ ಕೇರ್ ಶುರು ಮಾಡೋಣ’ ಅಂದ್ರು. ‘ಕೈಬಿಟ್ರು ಕಣೋ’ ಅಂತ ಅಪ್ಪ ಕುಸಿದು ಕೂತ್ರು. ನಾನು ಬಿ.ಕಾಂ. ಓದಿದೋನು, ನನಗೂ ಹಾಗೇ ಕೇಳಿಸ್ತು.

ಆಮೇಲೆ ಪದದ ಬೇರು ಹುಡುಕಿದೆ. ಲ್ಯಾಟಿನ್‌ನಲ್ಲಿ ‘ಪ್ಯಾಲಿಯಮ್’ ಅಂದ್ರೆ ಮೇಲೆ ಹೊದೆಯೋ ಬಟ್ಟೆ. ಹಳೇ ಇಂಗ್ಲಿಷ್ ಬರಹಗಳಲ್ಲಿ ‘ಪ್ಯಾಲಿಯೇಟ್’ ಅಂದ್ರೆ ತಪ್ಪು ಮುಚ್ಚಿಹಾಕೋದು ಅಂತಲೂ ಇತ್ತು. ನಮ್ಮ ಅಕೌಂಟ್ಸ್ ಭಾಷೇಲಿ ವಿಂಡೋ ಡ್ರೆಸಿಂಗ್! ವೈದ್ಯರ ಬಾಯಲ್ಲಿ ಮಾತ್ರ, ರೋಗ ಉಳಿದರೂ ನೋವು, ವಾಂತಿ, ಉಬ್ಬಸ ತಗ್ಗಿಸೋದು, ಕನ್ನಡದಲ್ಲಿ ಉಪಶಮನ.

1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ರೋಗಿ ನರಳೋವರೆಗೂ ಕಾಯಬಾರದು, ಹೊತ್ತಿಗೆ ಸರಿಯಾಗಿ ನೋವಿನ ಔಷಧಿ ಕೊಡಬೇಕು ಅನ್ನೋದು ಅವರ ಪಟ್ಟು. ಅವರಿಂದ ಕಲಿತ ಸರ್ಜನ್ ಬಾಲ್ಫರ್ ಮೌಂಟ್ 1970ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಂಥದ್ದೇ ವಾರ್ಡ್ ಶುರು ಮಾಡಿದ್ರು. ಅಲ್ಲೊಂದು ತೊಡಕು: ಆ ಊರಿನ ಫ್ರೆಂಚ್ ಮಾತಾಡೋರಿಗೆ ‘ಹಾಸ್ಪಿಸ್’ ಅಂದ್ರೆ ಗತಿಯಿಲ್ಲದವರನ್ನ ಸೇರಿಸೋ ಜಾಗ. ಅದಕ್ಕೇ ‘ಪ್ಯಾಲಿಯೇಟಿವ್ ಕೇರ್’ ಅಂತ ಹೆಸರಿಟ್ರು.

ಒಂದು ಪದದ ಅಂಜಿಕೆ ತಪ್ಪಿಸೋಕೆ ತಂದ ಪದ, ನಮ್ಮನೇಲಿ ಅಷ್ಟೇ ಅಂಜಿಕೆ ಹುಟ್ಟಿಸ್ತು ನೋಡಿ. ರೋಗಕ್ಕೆ ಚಿಕಿತ್ಸೆ ನಡೀತಿರುವಾಗಲೇ, ಮೊದಲಿಂದಲೇ ಇದನ್ನ ಜೊತೆಗೆ ಕೊಡಬಹುದು ಅಂತ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾವೂ ಕೇಳಲಿಲ್ಲ. ಎರಡು ವಾರ ಸುಮ್ನೆ ಹೋಯ್ತು.

ಮಾರ್ಫಿನ್ ಮಾತ್ರೆ ಶುರುವಾದ ಮೂರನೇ ದಿನ ಅಜ್ಜಿ ಎದ್ದು ಕೂತು ಕಾಫಿ ಕೇಳಿದ್ರು.