ಕರ್ನೆಲ್‌ನಲ್ಲಿ ಸೊನ್ನೆಯ ಲೆಕ್ಕ

ಆಪರೇಟಿಂಗ್ ಸಿಸ್ಟಂನ ಕರ್ನೆಲ್ ಮೆಮೊರಿಯ ಒಂದು ತುಂಡನ್ನು ಪಡೆದಾಗ, ಅದನ್ನು ಹಿಂದೆ ಬಳಸಿದವರು ಬಿಟ್ಟುಹೋದ ಮಾಹಿತಿ ಅದರಲ್ಲಿ ಹಾಗೇ ಇರಬಹುದು. ಮೊದಲು ಸೊನ್ನೆ ತುಂಬಿ ಆಮೇಲೆ ಬಳಸುವುದು ಹಳೆಯ, ಒಳ್ಳೆಯ ರೂಢಿ. ಆದರೆ ಮರುಕ್ಷಣವೇ ಅಲ್ಲಿ ಹೊಸ ಬೆಲೆಗಳನ್ನು ಬರೆಯುವುದಿದ್ದರೆ ಆ ಸೊನ್ನೆಗಳು ದಂಡ. ಸನ್ ಕಂಪನಿಯ ಜೆಫ್ ಬಾನ್‌ವಿಕ್ 1994ರಲ್ಲಿ ಮಂಡಿಸಿದ ಸ್ಲ್ಯಾಬ್ ಅಲೊಕೇಟರ್ ಎಂಬ ಮೆಮೊರಿ ಹಂಚಿಕೆಯ ವ್ಯವಸ್ಥೆ ಹುಟ್ಟಿದ್ದೇ ಇಂಥ ದಂಡದ ಲೆಕ್ಕದಿಂದ. ಎಷ್ಟೋ ಸಲ ಜಾಗ ಹುಡುಕುವುದಕ್ಕಿಂತ ಅದನ್ನು ಸಜ್ಜುಗೊಳಿಸುವುದೇ ದುಬಾರಿ ಎಂದು ಅವರು ಕಂಡುಕೊಂಡರು. ಬಳಸಿ ಬಿಟ್ಟ ಆಬ್ಜೆಕ್ಟನ್ನು ಸಜ್ಜಾದ ಸ್ಥಿತಿಯಲ್ಲೇ ಇಟ್ಟುಕೊಂಡರೆ ಮುಂದಿನ ಸಲ ಆ ಕೆಲಸವೇ ಉಳಿಯದು. ಆದರೆ ಬಿಡುವವನು ಅದನ್ನು ಸರಿಯಾದ ಸ್ಥಿತಿಗೆ ತಂದೇ ಬಿಡಬೇಕು. ಯಂತ್ರಕ್ಕೆ ಉಳಿತಾಯವಾದ ಕೆಲಸ ಹೀಗೆ ಪ್ರೋಗ್ರಾಮರ್‌ನ ಹೊಣೆಯಾಗುತ್ತದೆ ಎಂಬುದೇ ಈ ಇತಿಹಾಸದ ತಿರುಳು ಎಂದು ನನ್ನ ವಾದ.

ಲಿನಕ್ಸ್‌ನ ನೆಟ್‌ವರ್ಕ್ ಭಾಗವನ್ನೇ ನೋಡಿ. 10 ಗಿಗಾಬಿಟ್ ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಎಡೆಬಿಡದೆ ಬಂದರೆ ಸೆಕೆಂಡಿಗೆ ಸುಮಾರು 1.49 ಕೋಟಿ; ಒಂದೊಂದಕ್ಕೆ ಸಿಗುವುದು 67 ನ್ಯಾನೊಸೆಕೆಂಡ್. ಪ್ರತಿ ಪ್ಯಾಕೆಟ್‌ನ ವಿವರ ಹಿಡಿದಿಡುವ ರಚನೆಯನ್ನು ಅಲ್ಲಿ ಪೂರ್ತಿ ಅಳಿಸುವುದಿಲ್ಲ. ರಚನೆಯೊಳಗಿನ ಒಂದೊಂದು ಬೆಲೆಯ ಜಾಗಕ್ಕೂ ಸದಸ್ಯ ಎನ್ನುತ್ತಾರೆ; 'ಟೇಲ್' ಎಂಬ ಸದಸ್ಯದವರೆಗೆ ಮಾತ್ರ ಸೊನ್ನೆ. ಅಲ್ಲಿಂದಾಚೆಯವನ್ನು ಹೇಗೂ ಕೂಡಲೇ ಬರೆಯಲಾಗುತ್ತದೆ. ಟೇಲ್‌ನ ನಂತರ ಹೊಸ ಸದಸ್ಯರನ್ನು ಸೇರಿಸಬೇಡಿ ಎಂದು ಕೋಡ್‌ನಲ್ಲೇ ಎಚ್ಚರಿಕೆಯ ಟಿಪ್ಪಣಿಯಿದೆ. ಇಡೀ ಉಳಿತಾಯ ನಿಂತಿರುವುದು ಸದಸ್ಯರ ಸಾಲು ಮತ್ತು ಆ ಟಿಪ್ಪಣಿಯ ಮೇಲೆ.

ಇಷ್ಟೆಲ್ಲ ಏಕೆ, ಅನಗತ್ಯ ಬರವಣಿಗೆಯನ್ನು ಕಂಪೈಲರೇ ತೆಗೆಯುವುದಿಲ್ಲವೇ ಎಂದು ಕೇಳಬಹುದು. ಒಂದೇ ಫಂಕ್ಷನ್‌ನೊಳಗೆ ತೆಗೆದೀತು. ಪಾಯಿಂಟರ್ ಬೇರೊಂದು ಕಡತದ ಫಂಕ್ಷನ್‌ಗೆ ಹೋದರೆ ಅದಕ್ಕೆ ಸಾಮಾನ್ಯವಾಗಿ ಏನೂ ಕಾಣದು. ಭದ್ರತೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಎಲ್ಲ ಸದಸ್ಯರಿಗೂ ಬೆಲೆ ಕೊಟ್ಟರೂ ಅವುಗಳ ನಡುವಿನ ಖಾಲಿ ಬೈಟ್‌ಗಳಲ್ಲಿ ಹಳೆಯ ಮಾಹಿತಿ ಉಳಿದು, ರಚನೆಯನ್ನು ಬಳಕೆದಾರನ ಪ್ರೋಗ್ರಾಂಗೆ ನಕಲು ಮಾಡಿದಾಗ ಸೋರಿಹೋಗಬಹುದು. ಅದಕ್ಕೇ 2019ರ ಲಿನಕ್ಸ್ 5.3ರಲ್ಲಿ, ಕೊಟ್ಟ ಮೆಮೊರಿಗೆಲ್ಲ ಸೊನ್ನೆ ತುಂಬುವ ಆಯ್ಕೆ ಬಂತು. ಅದರ ಹೊರೆ ಬಹುಪಾಲು ಶೇ. 1ಕ್ಕಿಂತ ಕಡಿಮೆ, ಕೆಲವು ಕೃತಕ ಪರೀಕ್ಷೆಗಳಲ್ಲಿ ಶೇ. 7ರವರೆಗೆ. ಈ ಅಂಕಿಗಳನ್ನು ಕಂಡರೆ ಎಲ್ಲೆಡೆ ಸೊನ್ನೆ ತುಂಬುವುದೇ ಸರಿ ಎನಿಸುತ್ತದೆ, ಸಾಮಾನ್ಯ ಕೋಡ್‌ಗೆ ಅದು ನಿಜವೂ ಹೌದು. ಬಿಸಿ ದಾರಿಗಳಲ್ಲಿ, ಅಂದರೆ ಮತ್ತೆ ಮತ್ತೆ ಓಡುವ ಕೋಡ್‌ನಲ್ಲಿ ಮಾತ್ರ, ರಚನೆ ಕರ್ನೆಲ್‌ನಿಂದ ಹೊರಹೋಗದು ಮತ್ತು ಓದುವ ಮುನ್ನ ಪ್ರತಿ ಬೈಟ್ ಬರೆಯಲ್ಪಡುತ್ತದೆ ಎಂದು ತೋರಿಸಿಕೊಟ್ಟರೆ, ಸೊನ್ನೆಯನ್ನು ಬಿಡುವುದು ನ್ಯಾಯ. ಲಾಭವನ್ನೂ ಅಳೆದೇ ನೋಡಬೇಕು: ಸೊನ್ನೆ ತುಂಬುವಾಗಲೇ ಆ ಜಾಗ ಕ್ಯಾಷ್‌ಗೆ ಬಂದಿರುತ್ತದೆ, ಮುಂದಿನ ಬರವಣಿಗೆ ಅಗ್ಗವಾಗುತ್ತದೆ. 2022ರ ಕೊನೆಗೆ 6.1ರಲ್ಲಿ ಸೇರಿದ ಕೆಎಂಸ್ಯಾನ್ ಎಂಬ ಪರೀಕ್ಷಾ ಸಾಧನ, ಬರೆಯದ ಬೆಲೆಯನ್ನು ಕೋಡ್ ಬಳಸಿದರೆ ಹಿಡಿದುಕೊಡುತ್ತದೆ. ಆದರೆ ಓಡಿಸದ ದಾರಿ ಅದಕ್ಕೆ ಕಾಣದು. ಅಪರೂಪಕ್ಕೆ ನಡೆಯುವ ದೋಷದ ದಾರಿಗಳನ್ನು ಇಂದಿಗೂ ಮನುಷ್ಯರೇ ಸಾಲು ಸಾಲಾಗಿ ಓದಬೇಕು.