ಮನೆಯ ಭದ್ರತಾ ಅಲಾರ್ಮ್‌ಗೆ ಸ್ಮೋಕ್ ಡಿಟೆಕ್ಟರ್ ಜೋಡಣೆ: ತಿಳಿದಿರಬೇಕಾದ ಅಂಶಗಳು

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಮೇಲಂತಸ್ತುಗಳನ್ನು ಆವರಿಸಿದ ದಟ್ಟ ಹೊಗೆ ಅಂದು ಜನರನ್ನು ದಿಕ್ಕೆಡಿಸಿತ್ತು. ಬೆಂಕಿ ಅನಾಹುತಗಳಲ್ಲಿ ಜ್ವಾಲೆಗಿಂತ ಮೊದಲು ಮನುಷ್ಯನನ್ನು ತಲುಪುವುದು ಹೊಗೆ ಮತ್ತು ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲ. ನಿದ್ರೆಯಲ್ಲಿರುವವರನ್ನು ಹೊಗೆಯ ವಾಸನೆ ಎಚ್ಚರಿಸುತ್ತದೆ ಎಂದು ನಂಬುವಂತಿಲ್ಲ. ಸದ್ದು ಮಾತ್ರ ಎಚ್ಚರಿಸಬಲ್ಲದು.

ನಗರಗಳ ಅನೇಕ ಮನೆಗಳಲ್ಲಿ ಕಳ್ಳತನ ತಡೆಯಲು ಭದ್ರತಾ ಅಲಾರ್ಮ್ ಅಳವಡಿಸಲಾಗಿದೆ. ಪ್ಯಾನೆಲ್, ಸೈರನ್, ಬ್ಯಾಟರಿ ಎಲ್ಲವೂ ಅದರಲ್ಲಿ ಈಗಾಗಲೇ ಇರುವುದರಿಂದ ಅದಕ್ಕೇ ಸ್ಮೋಕ್ ಡಿಟೆಕ್ಟರ್ ಜೋಡಿಸುವುದು ಕಡಿಮೆ ವೆಚ್ಚದ ಮಾರ್ಗ. ಆದರೆ ಬಾಗಿಲಿನ ಸೆನ್ಸರ್ ಜೋಡಿಸಿದಂತೆಯೇ ಇದನ್ನೂ ಜೋಡಿಸಿದರೆ ಅಗತ್ಯ ಬಿದ್ದಾಗ ಅದು ಮೌನವಾಗಿ ಉಳಿಯಬಹುದು. ಕೆಲಸವನ್ನು ತಂತ್ರಜ್ಞರಿಗೇ ವಹಿಸಿದರೂ ಮನೆಯ ಯಜಮಾನರು ಅದರ ತತ್ತ್ವವನ್ನು ಅರಿತಿರುವುದು ಒಳಿತು.

ಯಾವ ಬಗೆಯ ಡಿಟೆಕ್ಟರ್?

ಹೊಗೆಯನ್ನು ಗುರುತಿಸುವ ವಿಧಾನಗಳು ಮುಖ್ಯವಾಗಿ ಎರಡು. ಫೋಟೊಎಲೆಕ್ಟ್ರಿಕ್ ಡಿಟೆಕ್ಟರ್‌ನಲ್ಲಿ ಕತ್ತಲೆ ಕೋಣೆಯಂತಹ ಪುಟ್ಟ ಗೂಡಿನೊಳಗೆ ಬೆಳಕಿನ ಕಿರಣ ಹಾಯುತ್ತಿರುತ್ತದೆ. ಹೊಗೆಯ ಕಣಗಳು ಒಳಹೊಕ್ಕಾಗ ಬೆಳಕು ಚದುರಿ ಗ್ರಾಹಕದ ಮೇಲೆ ಬೀಳುತ್ತದೆ. ಹಾಸಿಗೆ, ಸೋಫಾ, ವೈರುಗಳು ಉರಿಯದೆ ನಿಧಾನವಾಗಿ ಕಮರುವಾಗ ಏಳುವ ಹೊಗೆಯನ್ನು ಇದು ಬೇಗ ಗ್ರಹಿಸುತ್ತದೆ. ಅಯೊನೈಸೇಷನ್ ಡಿಟೆಕ್ಟರ್‌ನಲ್ಲಿ ಅತ್ಯಲ್ಪ ಪ್ರಮಾಣದ ಅಮೆರಿಷಿಯಂ-241 ಎಂಬ ವಿಕಿರಣಶೀಲ ವಸ್ತುವಿರುತ್ತದೆ. ಇದು ಧಗಧಗಿಸುವ ಬೆಂಕಿಗೆ ಚುರುಕಾಗಿ ಸ್ಪಂದಿಸುತ್ತದೆಯಾದರೂ ಅಡುಗೆಯ ಹೊಗೆಗೂ ಸುಲಭವಾಗಿ ಕೂಗಿಕೊಳ್ಳುತ್ತದೆ. ಭಾರತದಲ್ಲಿ ಇಂತಹವು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಒಳಪಡುತ್ತವೆ. ಸಾಮಾನ್ಯ ಮನೆಗಳಿಗೆ ಫೋಟೊಎಲೆಕ್ಟ್ರಿಕ್ ಮಾದರಿಯೇ ಸೂಕ್ತ.

ತಂತಿ ಜೋಡಣೆಯ ದೃಷ್ಟಿಯಿಂದಲೂ ಎರಡು ಬಗೆಗಳಿವೆ. ಎರಡು ತಂತಿಯ ಡಿಟೆಕ್ಟರ್‌ನಲ್ಲಿ ವಿದ್ಯುತ್ ಪೂರೈಕೆ ಹಾಗೂ ಸಂಕೇತ ಒಂದೇ ಜೋಡಿಯಲ್ಲಿ ಸಾಗುತ್ತವೆ. ಇದು ಪ್ಯಾನೆಲ್‌ಗೆ ಹೊಂದಿಕೊಳ್ಳುತ್ತದೆ ಎಂದು ಪ್ಯಾನೆಲ್ ತಯಾರಕರೇ ತಿಳಿಸಿದ್ದರೆ ಮಾತ್ರ ಬಳಸಬೇಕು. ನಾಲ್ಕು ತಂತಿಯದರಲ್ಲಿ ವಿದ್ಯುತ್ತಿಗೆ ಎರಡು, ಸಂಕೇತಕ್ಕೆ ಎರಡು ತಂತಿಗಳು ಪ್ರತ್ಯೇಕವಾಗಿರುವುದರಿಂದ 12 ವೋಲ್ಟ್ ಡಿಸಿ ಪೂರೈಸುವ ಬಹುತೇಕ ಪ್ಯಾನೆಲ್‌ಗಳೊಂದಿಗೆ ಅದು ಹೊಂದಿಕೊಳ್ಳುತ್ತದೆ. ಅಂಗಡಿಯಲ್ಲಿ ದೊರೆಯುವ, 9 ವೋಲ್ಟ್ ಬ್ಯಾಟರಿಯಿಂದ ತಾನಾಗಿಯೇ ಕೂಗುವ ಸಾಧಾರಣ ಡಿಟೆಕ್ಟರ್‌ಗಳಲ್ಲಿ ಪ್ಯಾನೆಲ್‌ಗೆ ಸಂಕೇತ ಕಳುಹಿಸುವ ಸಂಪರ್ಕ ಇರುವುದಿಲ್ಲ. ಖರೀದಿಸುವ ಮುನ್ನ ಇದನ್ನು ಗಮನಿಸಬೇಕು.

ಕೊನೆಯ ರೆಸಿಸ್ಟರ್‌ನ ಮಹತ್ವ

ಬಾಗಿಲಿನ ಸೆನ್ಸರ್‌ಗಳು ಮುಚ್ಚಿದ ಸರ್ಕ್ಯೂಟ್‌ನಲ್ಲಿ ಒಂದರ ಹಿಂದೆ ಒಂದರಂತೆ ಇರುತ್ತವೆ. ಬಾಗಿಲು ತೆರೆದರೆ ಸರ್ಕ್ಯೂಟ್ ಕಡಿದು ಸೈರನ್ ಮೊಳಗುತ್ತದೆ. ಸ್ಮೋಕ್ ಡಿಟೆಕ್ಟರ್‌ನ ಸಂಪರ್ಕ ಇದಕ್ಕೆ ವಿರುದ್ಧ. ಅದು ಸಾಮಾನ್ಯ ಸ್ಥಿತಿಯಲ್ಲಿ ತೆರೆದಿದ್ದು, ಹೊಗೆ ಕಂಡಾಗ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಎಲ್ಲ ಡಿಟೆಕ್ಟರ್‌ಗಳ ಸಂಪರ್ಕಗಳನ್ನು ಒಂದೇ ಜೋಡಿ ತಂತಿಗೆ ಸಮಾನಾಂತರವಾಗಿ ಜೋಡಿಸಿ, ಆ ಜೋಡಿಯನ್ನು ಪ್ಯಾನೆಲ್‌ನ ಒಂದು ಜೋನ್‌ಗೆ ತರಲಾಗುತ್ತದೆ.

ಈ ಜೋಡಿಯ ಕಟ್ಟಕಡೆಯ ಡಿಟೆಕ್ಟರ್‌ನ ಬಳಿ ಒಂದು ರೆಸಿಸ್ಟರ್ ಕೂರಿಸಲಾಗುತ್ತದೆ. ಅದರ ಬೆಲೆ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಬದಲಾಗುತ್ತದೆ. ಕೆಲವಕ್ಕೆ 2 ಕಿಲೊ ಓಮ್ ಬೇಕಾದರೆ ಕೆಲವಕ್ಕೆ 5.6 ಕಿಲೊ ಓಮ್ ಬೇಕು. ಪ್ಯಾನೆಲ್ ಸದಾ ಈ ರೆಸಿಸ್ಟರ್ ಮೂಲಕ ಅಲ್ಪ ವಿದ್ಯುತ್ ಹರಿಸಿ ಮೂರು ಸ್ಥಿತಿಗಳನ್ನು ಗುರುತಿಸುತ್ತದೆ. ರೆಸಿಸ್ಟರ್‌ನ ಬೆಲೆ ಸರಿಯಾಗಿ ಕಂಡರೆ ಎಲ್ಲವೂ ಕ್ಷೇಮ. ತಂತಿಗಳೆರಡೂ ಕೂಡಿಕೊಂಡಂತೆ ಕಂಡರೆ ಹೊಗೆ. ಏನೂ ಹರಿಯದಿದ್ದರೆ ತಂತಿ ಕಡಿದಿದೆ ಎಂದರ್ಥ. ಆಗ ಬೆಂಕಿಯ ಅಲಾರ್ಮ್ ಬದಲು ದೋಷದ ಸೂಚನೆ ಕೀಪ್ಯಾಡ್‌ನಲ್ಲಿ ಮೂಡುತ್ತದೆ.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಮೊದಲನೆಯದು, ಅನುಕೂಲಕ್ಕೆಂದು ರೆಸಿಸ್ಟರನ್ನು ಪ್ಯಾನೆಲ್ ಪೆಟ್ಟಿಗೆಯೊಳಗೇ ಹಾಕಿಬಿಡುವುದು. ಹೀಗೆ ಮಾಡಿದರೆ ಹೊರಗಿನ ತಂತಿಯನ್ನು ಇಲಿ ಕಡಿದರೂ ಪ್ಯಾನೆಲ್ 'ಕ್ಷೇಮ' ಎಂದೇ ತೋರಿಸುತ್ತಿರುತ್ತದೆ. ಎರಡನೆಯದು, ಮಧ್ಯದಲ್ಲಿ ಕವಲು ತೆಗೆದು ಡಿಟೆಕ್ಟರ್ ಜೋಡಿಸುವುದು. ಕವಲಿನ ಮೇಲೆ ಪ್ಯಾನೆಲ್‌ನ ನಿಗಾ ಇರುವುದಿಲ್ಲ. ತಂತಿ ಒಂದು ಡಿಟೆಕ್ಟರ್‌ನಿಂದ ಮುಂದಿನದಕ್ಕೆ ಸರಪಳಿಯಂತೆ ಸಾಗಬೇಕು. ಮೂರನೆಯದು, ತಂತಿಯನ್ನು ಕತ್ತರಿಸದೆ ಸುತ್ತು ಹಾಕಿ ಒಂದೇ ಸ್ಕ್ರೂ ಅಡಿ ಬಿಗಿಯುವುದು. ಬರುವ ತಂತಿ, ಹೋಗುವ ತಂತಿ ಎರಡನ್ನೂ ಕತ್ತರಿಸಿ ಬೇರೆಬೇರೆಯಾಗಿ ಬಿಗಿದರೆ ಮಾತ್ರ, ಸ್ಕ್ರೂ ಸಡಿಲಗೊಂಡಾಗ ಅದು ಪ್ಯಾನೆಲ್‌ನ ಗಮನಕ್ಕೆ ಬರುತ್ತದೆ.

ವಿದ್ಯುತ್ ಪೂರೈಕೆ ಮತ್ತು ರಿಲೇ

ನಾಲ್ಕು ತಂತಿಯ ಜೋಡಣೆಯಲ್ಲಿ ಒಂದು ಸೂಕ್ಷ್ಮವಿದೆ. ವಿದ್ಯುತ್ ಒಯ್ಯುವ ಜೋಡಿ ಕಡಿದುಹೋದರೂ ಸಂಕೇತದ ಜೋಡಿ ಸುಸ್ಥಿತಿಯಲ್ಲೇ ಇರುತ್ತದೆ. ಡಿಟೆಕ್ಟರ್ ನಿರ್ಜೀವವಾಗಿದ್ದರೂ ಪ್ಯಾನೆಲ್‌ಗೆ ಅದು ತಿಳಿಯದು. ಇದಕ್ಕೆ ಪರಿಹಾರವಾಗಿ ಕೊನೆಯ ಡಿಟೆಕ್ಟರ್‌ನ ಬಳಿ ಪುಟ್ಟ ರಿಲೇ ಒಂದನ್ನು ಅಳವಡಿಸಲಾಗುತ್ತದೆ. ರಿಲೇಯ ಸುರುಳಿಗೆ ವಿದ್ಯುತ್ ಜೋಡಿಯ ಕೊನೆಯಿಂದ ಪೂರೈಕೆ. ಅದರ ಸಂಪರ್ಕ ಮಾತ್ರ ಸಂಕೇತ ಜೋಡಿಯ ರೆಸಿಸ್ಟರ್‌ನೊಂದಿಗೆ ಸರಣಿಯಲ್ಲಿ. ವಿದ್ಯುತ್ ಇರುವವರೆಗೆ ಸಂಪರ್ಕ ಮುಚ್ಚಿರುತ್ತದೆ. ವಿದ್ಯುತ್ ನಿಂತೊಡನೆ ಅದು ತೆರೆದುಕೊಂಡು ದೋಷದ ಸೂಚನೆ ಬರುತ್ತದೆ. ವೆಚ್ಚ ಉಳಿಸಲು ಕೈಬಿಡುವ ಭಾಗ ಬಹುಪಾಲು ಇದೇ. ಕೈಬಿಡಬಾರದ ಭಾಗವೂ ಇದೇ.

ಇನ್ನೊಂದು ಮುಖ್ಯ ಸಂಗತಿ ರೀಸೆಟ್. ಒಮ್ಮೆ ಹೊಗೆ ಕಂಡ ಡಿಟೆಕ್ಟರ್, ಹೊಗೆ ಚದುರಿದ ಮೇಲೂ ಅಲಾರ್ಮ್ ಸ್ಥಿತಿಯಲ್ಲೇ ನಿಲ್ಲುತ್ತದೆ. ಯಾವ ಕೋಣೆಯದು ಕೂಗಿತು ಎಂಬುದು ಅದರ ಕೆಂಪು ದೀಪದಿಂದ ತಿಳಿಯಲಿ ಎಂಬುದೇ ಇದರ ಉದ್ದೇಶ. ಅದನ್ನು ಮೊದಲಿನ ಸ್ಥಿತಿಗೆ ತರಲು ಕೆಲವು ಸೆಕೆಂಡು ವಿದ್ಯುತ್ ಕಡಿತಗೊಳಿಸಬೇಕು. ಹೀಗಾಗಿ ಡಿಟೆಕ್ಟರ್‌ಗೆ ಪ್ಯಾನೆಲ್‌ನ ಸಾಧಾರಣ ಪೂರೈಕೆಯ ಬದಲು, ಕೀಪ್ಯಾಡ್‌ನಿಂದ ಕಡಿತಗೊಳಿಸಬಹುದಾದ ಪೂರೈಕೆಯನ್ನೇ ಕೊಡಬೇಕು. ಕೆಲವು ಪ್ಯಾನೆಲ್‌ಗಳಲ್ಲಿ ಇದಕ್ಕೆ ಪ್ರತ್ಯೇಕ ಟರ್ಮಿನಲ್ ಇರುತ್ತದೆ. ಮತ್ತೆ ಕೆಲವದರಲ್ಲಿ ಡಿಟೆಕ್ಟರ್‌ನ ಋಣ ತಂತಿಯನ್ನು ಪ್ರೋಗ್ರಾಂ ಮಾಡಬಹುದಾದ ಔಟ್‌ಪುಟ್‌ಗೆ ಜೋಡಿಸಿ, ಆ ಔಟ್‌ಪುಟನ್ನು 'ಸೆನ್ಸರ್ ರೀಸೆಟ್' ಎಂದು ನಿಗದಿಪಡಿಸಲಾಗುತ್ತದೆ.

24 ಗಂಟೆಯ ಫೈರ್ ಜೋನ್

ಡಿಟೆಕ್ಟರ್ ಇರುವ ಜೋನನ್ನು '24 ಗಂಟೆಯ ಫೈರ್' ಎಂದೇ ಪ್ರೋಗ್ರಾಂ ಮಾಡಬೇಕು. ಇದನ್ನು ಕಳ್ಳತನದ ಜೋನ್ ಆಗಿಯೇ ಬಿಟ್ಟರೆ ಅಲಾರ್ಮ್ ಆಫ್ ಮಾಡಿದ ಕೂಡಲೇ ಡಿಟೆಕ್ಟರ್ ಕೂಡ ನಿಷ್ಕ್ರಿಯ. ಮನೆಮಂದಿ ಒಳಗಿರುವ ಹೊತ್ತಿನಲ್ಲೇ ರಕ್ಷಣೆ ಇಲ್ಲದಂತಾಗುತ್ತದೆ. ಫೈರ್ ಜೋನ್‌ಗೆ ಸೈರನ್‌ನ ಸದ್ದೂ ಬೇರೆ. ಐಎಸ್‌ಒ 8201 ಮಾನದಂಡದಂತೆ ಅರ್ಧ ಸೆಕೆಂಡಿನ ಮೂರು ಕೂಗು, ಬಳಿಕ ಒಂದೂವರೆ ಸೆಕೆಂಡಿನ ಮೌನ, ಮತ್ತೆ ಅದೇ ಆವರ್ತನೆ. ಕಳ್ಳತನದ ಅಲಾರ್ಮ್‌ಗೆ ಬಾಗಿಲು ಭದ್ರಪಡಿಸಬೇಕು. ಬೆಂಕಿಯ ಅಲಾರ್ಮ್‌ಗೆ ಬಾಗಿಲು ತೆರೆದು ಹೊರಬರಬೇಕು. ಈ ವ್ಯತ್ಯಾಸವನ್ನು ಮಕ್ಕಳಿಗೂ ಹಿರಿಯರಿಗೂ ಒಮ್ಮೆ ಕೇಳಿಸಿ ತಿಳಿಸಿಕೊಡಬೇಕು.

ಬ್ಯಾಟರಿಯ ಲೆಕ್ಕ

ಬಹುತೇಕ ಪ್ಯಾನೆಲ್‌ಗಳಲ್ಲಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಕರೆಂಟ್ ಹೋದ ಬಳಿಕ 24 ಗಂಟೆ ವ್ಯವಸ್ಥೆ ಜೀವಂತವಾಗಿರಬೇಕು ಎಂದಿಟ್ಟುಕೊಳ್ಳೋಣ. ಬ್ಯಾಟರಿಯ ಸಾಮರ್ಥ್ಯದಲ್ಲಿ ಶೇ. 80ರಷ್ಟನ್ನು ಮಾತ್ರ ನೆಚ್ಚಿದರೆ 5.6 ಆಂಪಿಯರ್-ಅವರ್. ಅದನ್ನು 24ರಿಂದ ಭಾಗಿಸಿದರೆ ಸುಮಾರು 233 ಮಿಲಿ ಆಂಪಿಯರ್. ಉದಾಹರಣೆಗೆ ಪ್ಯಾನೆಲ್‌ಗೆ 100, ಕೀಪ್ಯಾಡ್‌ಗೆ 50, ಎರಡು ಚಲನೆಯ ಸೆನ್ಸರ್‌ಗಳಿಗೆ 40, ರಿಲೇಗೆ 30, ಮೂರು ಸ್ಮೋಕ್ ಡಿಟೆಕ್ಟರ್‌ಗಳಿಗೆ 3 ಎಂದಾದರೆ ಒಟ್ಟು 223. ಮಿತಿಯೊಳಗಿದೆ, ಆದರೆ ಇನ್ನೊಂದು ಕೀಪ್ಯಾಡ್ ಸೇರಿಸಿದರೆ ಮೀರುತ್ತದೆ. ನಿಮ್ಮ ಸಾಧನಗಳ ನಿಖರ ಅಂಕಿಗಳನ್ನು ಕೈಪಿಡಿಯಲ್ಲಿ ನೋಡಿ ಇದೇ ಕ್ರಮದಲ್ಲಿ ಕೂಡಿಸಬೇಕು.

ಎಲ್ಲಿ ಅಳವಡಿಸಬೇಕು?

ಪ್ರತಿ ಮಲಗುವ ಕೋಣೆಯಲ್ಲಿ, ಕೋಣೆಗಳ ಹೊರಗಿನ ಹಾದಿಯಲ್ಲಿ ಹಾಗೂ ಪ್ರತಿ ಅಂತಸ್ತಿನಲ್ಲಿ ಒಂದೊಂದು ಇರುವುದು ಉತ್ತಮ. ಹೊಗೆ ಮೇಲಕ್ಕೇರುವುದರಿಂದ ಛಾವಣಿಯೇ ಸೂಕ್ತ ಸ್ಥಳ. ಗೋಡೆಯ ಮೇಲಾದರೆ ಛಾವಣಿಯಿಂದ 30 ಸೆಂಟಿಮೀಟರ್ ಒಳಗಿರಬೇಕು. ಸೀಲಿಂಗ್ ಫ್ಯಾನಿನ ಗಾಳಿ ಹೊಗೆಯನ್ನು ಚದುರಿಸುವುದರಿಂದ ಅದರ ರೆಕ್ಕೆಯ ತುದಿಯಿಂದ ಸುಮಾರು ಒಂದು ಮೀಟರ್ ದೂರವಿರಲಿ. ಒಲೆಯಿಂದ ಕನಿಷ್ಠ 3 ಮೀಟರ್ ಅಂತರ ಅಗತ್ಯ.

ಒಗ್ಗರಣೆಯ ಘಾಟು, ದೇವರ ಕೋಣೆಯ ಧೂಪ, ಸೊಳ್ಳೆ ಬತ್ತಿ ನಮ್ಮ ಮನೆಗಳಲ್ಲಿ ನಿತ್ಯದ ಸಂಗತಿ. ಇವುಗಳಿಂದ ಪದೇಪದೇ ಸೈರನ್ ಮೊಳಗಿದರೆ ಬೇಸತ್ತು ತಂತಿ ಕಿತ್ತುಹಾಕುವವರೇ ಹೆಚ್ಚು. ಅದರ ಬದಲು ಡಿಟೆಕ್ಟರ್‌ನ ಜಾಗ ಬದಲಿಸಬೇಕು. ಅಡುಗೆಮನೆಗೆ 57 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚಾಲನೆಗೊಳ್ಳುವ ಹೀಟ್ ಡಿಟೆಕ್ಟರ್ ಲೇಸು. ಅದನ್ನು ಇದೇ ಫೈರ್ ಜೋನ್‌ಗೆ ಸೇರಿಸಬಹುದು.

ತಂತಿ ತಾಮ್ರದ್ದಾಗಿದ್ದು, ಬೆಂಕಿ ಹರಡದ ಹಾಗೂ ಕಡಿಮೆ ಹೊಗೆ ಸೂಸುವ ಹೊದಿಕೆಯದಾಗಿರಲಿ. 230 ವೋಲ್ಟ್ ತಂತಿಗಳಿರುವ ಪೈಪಿನಲ್ಲಿ ಇದನ್ನು ಎಳೆಯಕೂಡದು. ವಸತಿ ಸಮುಚ್ಚಯಗಳಲ್ಲಿ ಕಟ್ಟಡದ್ದೇ ಅಗ್ನಿ ಎಚ್ಚರಿಕೆ ವ್ಯವಸ್ಥೆ ಇದ್ದರೆ ಅದರ ಡಿಟೆಕ್ಟರ್‌ಗಳನ್ನು ಮುಟ್ಟುವಂತಿಲ್ಲ. ಮನೆಯ ಪ್ಯಾನೆಲ್ ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ. ಕಟ್ಟಡಗಳ ಇಂತಹ ವ್ಯವಸ್ಥೆಗೆ ಭಾರತೀಯ ಮಾನಕ ಐಎಸ್ 2189 ಅನ್ವಯಿಸುತ್ತದೆ.

ಪರೀಕ್ಷೆ ಮತ್ತು ಪಾಲನೆ

ಕೆಲಸ ಮುಗಿದ ದಿನವೇ ನಾಲ್ಕು ಪರೀಕ್ಷೆಗಳನ್ನು ಎದುರಿನಲ್ಲೇ ಮಾಡಿಸಬೇಕು. ಅಲಾರ್ಮ್ ಆಫ್ ಇರುವಾಗ ಪ್ರತಿ ಡಿಟೆಕ್ಟರ್ ಕೂಗಿಸುವುದು. ಸಂಕೇತದ ಒಂದು ತಂತಿ ಬಿಚ್ಚಿ ದೋಷದ ಸೂಚನೆ ನೋಡುವುದು. ವಿದ್ಯುತ್ ತಂತಿ ಬಿಚ್ಚಿ ಮತ್ತೆ ಅದೇ ನೋಡುವುದು. ಮುಖ್ಯ ಕರೆಂಟ್ ತೆಗೆದು ಬ್ಯಾಟರಿಯ ಮೇಲೆ ಸೈರನ್ ಕೇಳುವುದು. ಬಳಿಕ ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿ ಒತ್ತಿ ನೋಡಿ. ಕಾಲಕಾಲಕ್ಕೆ ಧೂಳು ತೆಗೆಯಿರಿ. ಬಣ್ಣ ಬಳಿಸುವಾಗ ಹೊದಿಕೆ ಹಾಕಿ, ಕೆಲಸ ಮುಗಿದೊಡನೆ ಮರೆಯದೆ ತೆಗೆಯಿರಿ. 10 ವರ್ಷ ತುಂಬಿದ ಡಿಟೆಕ್ಟರನ್ನು, ಕೂಗುತ್ತಿದ್ದರೂ ಸರಿ, ಬದಲಿಸಿ.

ಸೈರನ್ ಮೊಳಗಿದಾಗ ಮೊದಲು ಎಲ್ಲರೂ ಹೊರಬರಬೇಕು. ಆಮೇಲೆ ಅಗ್ನಿಶಾಮಕ ದಳದ 101 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ. ಹೊರಬಾಗಿಲಿನ ಕೀಲಿ ರಾತ್ರಿ ವೇಳೆ ಎಲ್ಲಿರುತ್ತದೆ ಎಂಬುದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಡಿಟೆಕ್ಟರ್ ಕೊಡುವುದು ಕೆಲವೇ ನಿಮಿಷಗಳ ಮುನ್ಸೂಚನೆ. ಆ ನಿಮಿಷಗಳು ಬೀಗ ಹುಡುಕುವುದರಲ್ಲಿ ಕಳೆದುಹೋಗಬಾರದು.